ತಾವು ಬರೆಯದ ಸಾಲಿಗೂ ತಾವೇ ಹೊಣೆ

2019ರ ಆಗಸ್ಟ್ ಕೊನೆಯ ಹೊತ್ತಿಗೆ ಐಫೋನ್ ಆ್ಯಪ್ ತಯಾರಿಸುವವರಿಗೆ ಆ್ಯಪಲ್ ಕಂಪನಿಯಿಂದ ಒಂದೇ ಬಗೆಯ ಇಮೇಲ್ ಬರತೊಡಗಿತು. ಅದರ ತಲೆಯಲ್ಲಿ ಐಟಿಎಂಎಸ್-90809 ಎಂಬ ಸಂಖ್ಯೆ. ಒಳಗಿದ್ದದ್ದು ಇಷ್ಟೇ: ಯುಐವೆಬ್‌ವ್ಯೂ ಬಳಸುವ ಆ್ಯಪ್‌ಗಳನ್ನು ಸ್ವೀಕರಿಸುವುದನ್ನು ಮುಂದೆ ನಿಲ್ಲಿಸಲಿದ್ದೇವೆ, ನಿಮ್ಮ ಆ್ಯಪ್‌ನಲ್ಲಿ ಅದು ಇದೆ. ಇಮೇಲ್ ಕಂಡ ಡೆವಲಪರ್‌ಗಳು ತಮ್ಮ ಕೋಡನ್ನೆಲ್ಲ ಜಾಲಾಡಿದರು. ಅನೇಕರ ಕೋಡಿನಲ್ಲಿ ಆ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ. ಹಾಗಾದರೆ ಆ್ಯಪಲ್‌ಗೆ ಅದು ಕಂಡದ್ದೆಲ್ಲಿ?

ಅವರು ಬೇರೆಯವರಿಂದ ತಂದು ಸೇರಿಸಿಕೊಂಡಿದ್ದ ಕೋಡಿನಲ್ಲಿ. ಆ್ಯಪ್ ಅವರದು, ಕಾಲ ಮುಗಿದ ಸಾಲು ಇನ್ನೊಬ್ಬರದು, ಗಡುವು ಮಾತ್ರ ಅವರ ತಲೆಯ ಮೇಲೆ. ಮೊಬೈಲ್ ಜಗತ್ತಿನಲ್ಲಿ ಈ ಸಂಕಟ ಅಂದಿನಿಂದ ಇಂದಿನವರೆಗೆ ಬೇರೆ ಬೇರೆ ಸಂಖ್ಯೆ ಹೊತ್ತು ಮತ್ತೆ ಮತ್ತೆ ಬರುತ್ತಲೇ ಇದೆ. ಆ್ಯಪ್ ಬಳಸುವ ಸಾಮಾನ್ಯರಿಗೆ ಇದು ಕಾಣುವುದಿಲ್ಲ. ಅವರಿಗೆ ಕಾಣುವುದು ಇದರ ಫಲ ಮಾತ್ರ: ತಿಂಗಳುಗಟ್ಟಲೆ ಅಪ್‌ಡೇಟ್ ಆಗದ ಆ್ಯಪ್, ಹೊಸ ಫೋನ್ ಕೊಂಡ ದಿನ ಹುಡುಕಿದರೂ ಸಿಗದ ಹಳೆಯ ಆ್ಯಪ್.

ಒಂದು ಆ್ಯಪ್, ಹಲವು ಕೈ

ಊಟ ತರಿಸುವ ಆ್ಯಪ್ ಒಂದನ್ನೇ ನೋಡಿ. ಅದರಲ್ಲಿ ಮ್ಯಾಪ್ ಇದೆ, ಹಣ ಪಾವತಿ ಇದೆ, ಒಟಿಪಿ ಇದೆ, ತಿಂಡಿಯ ಚಿತ್ರಗಳಿವೆ, ನೋಟಿಫಿಕೇಶನ್ ಇದೆ, ಆ್ಯಪ್ ಹಠಾತ್ತನೆ ಮುಚ್ಚಿಕೊಂಡರೆ ಕಂಪನಿಗೆ ವರದಿ ಕಳಿಸುವ ಏರ್ಪಾಡಿದೆ. ಇವನ್ನೆಲ್ಲ ಆ ಕಂಪನಿಯ ಎಂಜಿನಿಯರ್‌ಗಳೇ ಮೊದಲ ಸಾಲಿನಿಂದ ಬರೆಯುವುದಿಲ್ಲ. ಒಬ್ಬರು ಬರೆದಿಟ್ಟ ಕೋಡನ್ನು ಇನ್ನೊಬ್ಬರು ಎತ್ತಿ ಬಳಸುವಂತೆ ಕಟ್ಟಿಟ್ಟರೆ ಅದು ಲೈಬ್ರರಿ. ಕಂಪನಿಯೊಂದು ತನ್ನ ಸೇವೆಗೆ ಬೇಕಾದದ್ದನ್ನೆಲ್ಲ ಒಟ್ಟುಮಾಡಿ ಕೊಟ್ಟರೆ ಅದು ಎಸ್‌ಡಿಕೆ. ಆ್ಯಪ್ ತಯಾರಕರು ಇವನ್ನು ತಂದು ಸೇರಿಸಿ, ತಮ್ಮ ಕೆಲಸಕ್ಕೆ ಬೇಕಾದ ಭಾಗವನ್ನಷ್ಟೇ ತಾವು ಬರೆಯುತ್ತಾರೆ.

ಹಾಗೆ ತಂದ ಲೈಬ್ರರಿಯೂ ಒಂಟಿಯಾಗಿ ಬರುವುದಿಲ್ಲ. ಅದು ಇನ್ನೆರಡನ್ನು ಎಳೆದು ತರುತ್ತದೆ, ಆ ಎರಡು ಇನ್ನಷ್ಟನ್ನು. ಇವಕ್ಕೆ ಡಿಪೆಂಡೆನ್ಸಿ ಎನ್ನುತ್ತಾರೆ. ಡೆವಲಪರ್ ಆರಿಸಿದ್ದು ಹತ್ತು ಲೈಬ್ರರಿ, ಆ್ಯಪ್‌ನೊಳಗೆ ಬಂದು ಕೂತದ್ದು ಐವತ್ತು ಎಂಬಂಥ ಸ್ಥಿತಿ ಸಾಮಾನ್ಯ. ಸಾಂಬಾರು ಪುಡಿಯನ್ನು ತಾನೇ ಹುರಿದು ಕುಟ್ಟದೆ ಪ್ಯಾಕೆಟ್ ತರಿಸುವ ಹೋಟೆಲಿನವರ ಪರಿಸ್ಥಿತಿಯೂ ಇದೇ. ಪುಡಿಯಲ್ಲಿ ಬಳಸಬಾರದ ಬಣ್ಣ ಸಿಕ್ಕರೆ ಆಹಾರ ಸುರಕ್ಷತಾ ಅಧಿಕಾರಿ ಮೊದಲು ಬಂದು ನಿಲ್ಲುವುದು ಹೋಟೆಲಿನ ಅಡುಗೆಮನೆಯಲ್ಲೇ.

ಆ್ಯಪ್ ಸ್ಟೋರ್‌ಗಳ ನಿಯಮವೂ ಹಾಗೆಯೇ ಇದೆ. ಆ್ಯಪ್‌ನೊಳಗೆ ಏನೇ ಇರಲಿ, ಅದನ್ನು ಯಾರೇ ಬರೆದಿರಲಿ, ಆ್ಯಪ್ ಸಲ್ಲಿಸಿದವರೇ ಜವಾಬ್ದಾರರು. ಬಳಕೆದಾರರ ಕಡೆಯಿಂದ ನೋಡಿದರೆ ಇದು ನ್ಯಾಯವೇ. ನಮ್ಮ ಬ್ಯಾಂಕ್ ವಿವರ ಸೋರಿದರೆ ಅದು ಯಾವ ಲೈಬ್ರರಿಯಿಂದ ಸೋರಿತು ಎಂಬುದು ನಮಗೆ ಮುಖ್ಯವಲ್ಲ. ಆದರೆ ಜವಾಬ್ದಾರಿ ಹೊರಿಸುವಾಗ, ಒಳಗೇನಿದೆ ಎಂದು ತಿಳಿದುಕೊಳ್ಳುವ ದಾರಿಯನ್ನೂ ಕೊಡಬೇಕಾಗುತ್ತದೆ. ಈ ಹತ್ತಿಪ್ಪತ್ತು ವರ್ಷಗಳಲ್ಲಿ ಆ ದಾರಿ ಬಹಳ ನಿಧಾನವಾಗಿ ತೆರೆದುಕೊಂಡಿದೆ.

ಯುಐವೆಬ್‌ವ್ಯೂ ಪ್ರಕರಣ

ಆ್ಯಪ್‌ನೊಳಗೇ ಒಂದು ವೆಬ್ ಪುಟವನ್ನು ತೋರಿಸಬೇಕಾದಾಗ ಬಳಸುವ ಚೌಕಟ್ಟು ಯುಐವೆಬ್‌ವ್ಯೂ. 2008ರಲ್ಲಿ ಆ್ಯಪ್ ಸ್ಟೋರ್ ತೆರೆದಾಗಿನಿಂದಲೂ ಅದು ಇತ್ತು. ಅದರ ದೊಡ್ಡ ಕುಂದೆಂದರೆ, ವೆಬ್ ಪುಟವೂ ಆ್ಯಪ್ಪೂ ಒಂದೇ ಪ್ರಕ್ರಿಯೆಯೊಳಗೆ ನಡೆಯುತ್ತಿದ್ದವು. ಪುಟದಲ್ಲಿ ಏನಾದರೂ ಕೆಟ್ಟರೆ ಇಡೀ ಆ್ಯಪ್ ಬೀಳುತ್ತಿತ್ತು, ಪುಟದಲ್ಲಿ ದುರುದ್ದೇಶದ ಕೋಡ್ ಇದ್ದರೆ ಅದು ಆ್ಯಪ್‌ನ ಒಳಗೇ ಕೆಲಸ ಮಾಡುತ್ತಿತ್ತು. ಜಾವಾಸ್ಕ್ರಿಪ್ಟ್ ಕೂಡ ನಿಧಾನ. 2014ರಲ್ಲಿ ಐಒಎಸ್ 8ರ ಜೊತೆ ಆ್ಯಪಲ್ ಡಬ್ಲ್ಯುಕೆವೆಬ್‌ವ್ಯೂ ಎಂಬ ಹೊಸದನ್ನು ಕೊಟ್ಟಿತು. ಇದರಲ್ಲಿ ವೆಬ್ ಪುಟ ಪ್ರತ್ಯೇಕ ಪ್ರಕ್ರಿಯೆಯಲ್ಲಿ ನಡೆಯುತ್ತದೆ, ವೇಗವೂ ಹೆಚ್ಚು. 2018ರಲ್ಲಿ ಹಳೆಯದಕ್ಕೆ ಡೆಪ್ರಿಕೇಟೆಡ್ ಎಂದು ಗುರುತು ಹಾಕಿತು. ಅಂದರೆ ಸದ್ಯಕ್ಕೆ ಕೆಲಸ ಮಾಡುತ್ತದೆ, ಹೊಸದಾಗಿ ಬಳಸಬೇಡಿ, ಮುಂದೊಂದು ದಿನ ತೆಗೆಯುತ್ತೇವೆ ಎಂದು.

ಸದ್ಯಕ್ಕೆ ಕೆಲಸ ಮಾಡುತ್ತಿರುವುದನ್ನು ಯಾರೂ ಮುಟ್ಟಲು ಹೋಗುವುದಿಲ್ಲ. ಹಾಗೆಯೇ ಆಯಿತು. ಅಂತರ್ಜಾಲದಿಂದ ಮಾಹಿತಿ ತರಲು ಐಫೋನ್ ಡೆವಲಪರ್‌ಗಳು ಬಹಳವಾಗಿ ನೆಚ್ಚಿಕೊಂಡಿದ್ದ ಎಎಫ್‌ನೆಟ್‌ವರ್ಕಿಂಗ್ ಎಂಬ ಲೈಬ್ರರಿಯಲ್ಲಿ ಯುಐವೆಬ್‌ವ್ಯೂಗೆಂದೇ ಬರೆದ ಒಂದು ಪುಟ್ಟ ಫೈಲ್ ಇತ್ತು. ಆ್ಯಪ್ ಅದನ್ನು ಬಳಸದಿದ್ದರೂ ಫೈಲ್ ಮಾತ್ರ ಜೊತೆಗೇ ಬರುತ್ತಿತ್ತು. ಫೇಸ್‌ಬುಕ್ ಕಟ್ಟಿದ, ಆ್ಯಪ್ ತಯಾರಿಸುವ ಸಾಧನವಾದ ರಿಯಾಕ್ಟ್ ನೇಟಿವ್‌ನ ಮೂಲದಲ್ಲೇ ವೆಬ್ ಪುಟದ ಚೌಕಟ್ಟು ಸೇರಿಕೊಂಡಿತ್ತು. ಅದನ್ನು ಹೊರಗಿಟ್ಟದ್ದು 2019ರ ಜುಲೈನಲ್ಲಿ ಬಂದ 0.60ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ಆವೃತ್ತಿಯ ಮೇಲೆ ನಿಂತ ಆ್ಯಪ್‌ಗಳು ಒಂದೇ ಒಂದು ವೆಬ್ ಪುಟ ತೋರಿಸದಿದ್ದರೂ ಯುಐವೆಬ್‌ವ್ಯೂ ಹೊತ್ತು ತಿರುಗುತ್ತಿದ್ದವು.

ಹೆಚ್ಚು ಪೆಟ್ಟು ತಿಂದವರು ಕಾರ್ಡೋವಾ ಬಳಸುತ್ತಿದ್ದವರು. ಕಾರ್ಡೋವಾ ಆ್ಯಪ್ ಎಂದರೆ ಇಡೀ ಆ್ಯಪ್ಪೇ ಒಂದು ವೆಬ್ ಪುಟ, ಅದನ್ನು ಹಿಡಿದಿಟ್ಟ ಚೌಕಟ್ಟೇ ಯುಐವೆಬ್‌ವ್ಯೂ. ಹೊಸ ಚೌಕಟ್ಟಿಗೆ ಹೋಗುವುದೆಂದರೆ ಬರೀ ಹೆಸರು ಬದಲಿಸುವುದಾಗಿರಲಿಲ್ಲ. ಫೋನ್‌ನಲ್ಲಿ ಆ್ಯಪ್ ಕೂಡಿಟ್ಟ ಮಾಹಿತಿಯನ್ನು ಎರಡೂ ಚೌಕಟ್ಟುಗಳು ಬೇರೆ ಬೇರೆ ಜಾಗದಲ್ಲಿ ಇಡುತ್ತಿದ್ದವು. ಹಳೆಯ ಜಾಗದಿಂದ ಹೊಸ ಜಾಗಕ್ಕೆ ಸಾಗಿಸದೆ ಅಪ್‌ಡೇಟ್ ಬಿಟ್ಟರೆ ಬಳಕೆದಾರರು ಲಾಗಿನ್ ಕಳೆದುಕೊಳ್ಳುತ್ತಿದ್ದರು, ಬರೆದಿಟ್ಟ ಟಿಪ್ಪಣಿಗಳು ಕಾಣೆಯಾಗುತ್ತಿದ್ದವು. 2020ರ ಜೂನ್‌ನಲ್ಲಿ ಬಂದ ಕಾರ್ಡೋವಾ ಐಒಎಸ್ 6.0.0 ಆವೃತ್ತಿ ಹಳೆಯದನ್ನು ಪೂರ್ತಿ ಕೈಬಿಟ್ಟಿತು. ಎಎಫ್‌ನೆಟ್‌ವರ್ಕಿಂಗ್‌ನ 4.0 ಆವೃತ್ತಿಯೂ ಅದೇ ವರ್ಷ ತನ್ನ ಫೈಲನ್ನು ತೆಗೆದುಹಾಕಿತು.

ಆ್ಯಪಲ್ ಕೊಟ್ಟ ಗಡುವು ಎರಡು: ಹೊಸ ಆ್ಯಪ್‌ಗಳಿಗೆ 2020ರ ಏಪ್ರಿಲ್, ಈಗಾಗಲೇ ಇರುವ ಆ್ಯಪ್‌ಗಳ ಅಪ್‌ಡೇಟ್‌ಗೆ 2020ರ ಡಿಸೆಂಬರ್. ಎರಡನೆಯದನ್ನು ಅದು ಕಡೆಗೆ 2020ರ ಆಚೆಗೂ ಮುಂದೂಡಿತು. ಆರು ವರ್ಷ ಮೊದಲೇ ಬದಲಿ ಸಿದ್ಧವಿದ್ದ ಸೌಲಭ್ಯವೊಂದನ್ನು ಬಿಡಿಸುವುದಕ್ಕೆ ಇಷ್ಟು ಕಾಲ ಬೇಕಾಯಿತು.

ಓಡಿಸದೆಯೇ ಹಿಡಿಯುವ ತಪಾಸಣೆ

ಆ್ಯಪಲ್‌ನಲ್ಲಿ ಆ್ಯಪ್‌ಗಳನ್ನು ಮನುಷ್ಯರು ಕೂತು ಪರಿಶೀಲಿಸುತ್ತಾರೆ. 2022ರಲ್ಲಿ ಅವರ ಮುಂದೆ ಬಂದ ಸಲ್ಲಿಕೆಗಳು ಸುಮಾರು 61 ಲಕ್ಷ, ತಿರಸ್ಕಾರವಾದವು ಸುಮಾರು 17 ಲಕ್ಷ. ತಿರಸ್ಕಾರಕ್ಕೆ ಕಾರಣಗಳು ಹಲವಾರು. ಆದರೆ ಐಟಿಎಂಎಸ್ ಸಂಖ್ಯೆ ಹೊತ್ತ ಇಮೇಲ್‌ಗಳು ಮನುಷ್ಯರ ಸರದಿಗೂ ಮೊದಲೇ, ಅಪ್‌ಲೋಡ್ ಆದ ಕೆಲವೇ ನಿಮಿಷಗಳಲ್ಲಿ ಯಂತ್ರದಿಂದ ಬರುವಂಥವು.

ಯಂತ್ರ ಆ್ಯಪನ್ನು ಓಡಿಸಿ ನೋಡುವುದಿಲ್ಲ. ಸಿದ್ಧಗೊಂಡ ಬೈನರಿ ಫೈಲನ್ನು ತೆರೆದು ಅದರಲ್ಲಿರುವ ಹೆಸರುಗಳನ್ನು ಓದುತ್ತದೆ. ಐಫೋನ್ ಆ್ಯಪ್‌ಗಳು ದೀರ್ಘಕಾಲ ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಬರೆದಂಥವು. ಆ ಭಾಷೆಯಲ್ಲಿ ಒಂದು ಭಾಗ ಇನ್ನೊಂದನ್ನು ಕರೆಯುವುದು ಹೆಸರು ಹಿಡಿದು. ಹಾಗಾಗಿ ಕ್ಲಾಸುಗಳ, ಮೆಥಡ್‌ಗಳ ಹೆಸರುಗಳು ಬೈನರಿಯಲ್ಲಿ ಅಕ್ಷರಶಃ ಉಳಿದಿರುತ್ತವೆ. ಯಂತ್ರಕ್ಕೆ ಆ ಪಟ್ಟಿ ಸಾಕು. ಹೆಸರು ಇದೆಯೆಂದರೆ ಇದೆ. ಅದನ್ನು ಆ್ಯಪ್ ದಿನಕ್ಕೆ ಸಾವಿರ ಸಲ ಕರೆಯುತ್ತದೋ, ಒಮ್ಮೆಯೂ ಕರೆಯುವುದಿಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಆ್ಯಪಲ್ ತನಗೆಂದೇ ಇಟ್ಟುಕೊಂಡ ಒಳಗಿನ ಮೆಥಡ್ ಒಂದರ ಹೆಸರನ್ನೇ ಡೆವಲಪರ್ ಗೊತ್ತಿಲ್ಲದೆ ತನ್ನ ಮೆಥಡ್‌ಗೂ ಇಟ್ಟರೆ ಅದಕ್ಕೂ ಎಚ್ಚರಿಕೆ ಬರುತ್ತದೆ.

ಯುಐವೆಬ್‌ವ್ಯೂ ಇಮೇಲ್ ಬಂದಾಗ ಡೆವಲಪರ್‌ಗಳೂ ಇದೇ ಕೆಲಸವನ್ನು ಕೈಯಾರೆ ಮಾಡಬೇಕಾಯಿತು. ಇಮೇಲ್‌ನಲ್ಲಿ ಯಾವ ಲೈಬ್ರರಿ ಎಂಬುದರ ಸುಳಿವಿರಲಿಲ್ಲ. ಕಪ್ಪು ಪರದೆಯ ಟರ್ಮಿನಲ್ ತೆರೆದು, ಗ್ರೆಪ್ ಎಂಬ ಹಳೆಯ ಹುಡುಕು-ಸಾಧನಕ್ಕೆ ಯುಐವೆಬ್‌ವ್ಯೂ ಎಂಬ ಹೆಸರು ಕೊಟ್ಟು, ಪ್ರಾಜೆಕ್ಟಿನ ಒಂದೊಂದು ಫೋಲ್ಡರನ್ನೂ ಸೋಸುವುದು. ಕೋಡ್ ತೆರೆದಿರುವ ಲೈಬ್ರರಿಯಾದರೆ ಫೈಲ್ ಮತ್ತು ಸಾಲು ಸಿಗುತ್ತಿತ್ತು. ಜಾಹೀರಾತು ಕಂಪನಿಗಳು ಕೊಡುವ ಮುಚ್ಚಿದ ಎಸ್‌ಡಿಕೆಯಾದರೆ ‘ಬೈನರಿ ಫೈಲ್ ಹೊಂದಿಕೆಯಾಗಿದೆ’ ಎಂಬ ಒಂದು ಸಾಲಿನ ಉತ್ತರ. ಅಲ್ಲಿಗೆ ಡೆವಲಪರ್‌ನ ಕೈ ಕಟ್ಟಿತು. ಆ ಕಂಪನಿ ಹೊಸ ಆವೃತ್ತಿ ಬಿಡುವವರೆಗೆ ಕಾಯಬೇಕು, ಇಲ್ಲವೇ ಆ ಎಸ್‌ಡಿಕೆಯನ್ನೇ ಕಿತ್ತುಹಾಕಬೇಕು.

ಎಲೆಕ್ಟ್ರಾನ್, ಪೈಥಾನ್

ಹೀಗೆ ಸಿಕ್ಕಿಹಾಕಿಕೊಂಡವರು ಸಣ್ಣಪುಟ್ಟವರಷ್ಟೇ ಅಲ್ಲ. 2019ರ ನವೆಂಬರ್‌ನಲ್ಲಿ ಮ್ಯಾಕ್ ಆ್ಯಪ್ ಸ್ಟೋರ್‌ಗೆ ಸಲ್ಲಿಸಿದ ಹಲವು ಎಲೆಕ್ಟ್ರಾನ್ ಆ್ಯಪ್‌ಗಳು ಒಟ್ಟಿಗೇ ತಿರಸ್ಕಾರವಾದವು. ಎಲೆಕ್ಟ್ರಾನ್ ಎಂದರೆ ವೆಬ್ ತಂತ್ರಜ್ಞಾನದಲ್ಲಿ ಕಂಪ್ಯೂಟರ್ ಆ್ಯಪ್ ಕಟ್ಟುವ ಚೌಕಟ್ಟು, ಸ್ಲ್ಯಾಕ್, ಡಿಸ್ಕಾರ್ಡ್, ವಿಷುಯಲ್ ಸ್ಟುಡಿಯೋ ಕೋಡ್ ಎಲ್ಲ ಅದರ ಮೇಲೆಯೇ ನಿಂತಿವೆ. ತಿರಸ್ಕಾರಕ್ಕೆ ಕಾರಣವಾದ ಸಿಎಕಾಂಟೆಕ್ಸ್ಟ್, ಸಿಎಲೇಯರ್‌ಹೋಸ್ಟ್ ಮುಂತಾದ, ಆ್ಯಪಲ್ ತನಗೆಂದೇ ಇಟ್ಟುಕೊಂಡ ಹೆಸರುಗಳನ್ನು ಬಳಸಿದ್ದು ಆ್ಯಪ್ ಮಾಡಿದವರಲ್ಲ, ಎಲೆಕ್ಟ್ರಾನ್ ತಂಡವೂ ಅಲ್ಲ. ಎಲೆಕ್ಟ್ರಾನ್‌ನ ಒಳಗಿರುವ, ಗೂಗಲ್ ಕ್ರೋಮ್‌ಗೂ ಮೂಲವಾದ ಕ್ರೋಮಿಯಂನಿಂದ ಬಂದವು. ಎರಡು ಹಂತ ಕೆಳಗಿನ ಕೋಡಿಗಾಗಿ ಮೇಲಿನವರ ಅಪ್‌ಡೇಟ್ ನಿಂತಿತು. ಎಲೆಕ್ಟ್ರಾನ್ ತಂಡ ಮ್ಯಾಕ್ ಆ್ಯಪ್ ಸ್ಟೋರ್‌ಗೆಂದು ತಯಾರಾಗುವ ಪ್ರತಿಯಿಂದ ಆ ಹೆಸರುಗಳನ್ನು ತೆಗೆದ ಮೇಲೆ ಸಮಸ್ಯೆ ಬಗೆಹರಿಯಿತು.

ಪೈಥಾನ್‌ನ ಪ್ರಕರಣ ಇನ್ನೂ ವಿಚಿತ್ರ. ಶಾಲೆ ಕಾಲೇಜುಗಳಲ್ಲೂ ಕಲಿಸುವ ಈ ಭಾಷೆಯ ಜೊತೆಗೇ ಬರುವ ಮೂಲ ಲೈಬ್ರರಿಯಲ್ಲಿ ವೆಬ್ ವಿಳಾಸಗಳನ್ನು ಬಿಡಿಸಿ ಓದುವ ಒಂದು ಭಾಗವಿದೆ. ವಿಳಾಸಗಳು ಯಾವ ಯಾವ ಪದದಿಂದ ಶುರುವಾಗಬಹುದು ಎಂಬ ಪಟ್ಟಿ ಅದರಲ್ಲಿ ಇರುತ್ತದೆ. 3.12ನೇ ಆವೃತ್ತಿಯಲ್ಲಿ ಆ ಪಟ್ಟಿಗೆ ‘ಐಟಿಎಂಎಸ್-ಸರ್ವಿಸಸ್’ ಎಂಬ ಪದ ಸೇರಿತು. ಆ್ಯಪ್ ಸ್ಟೋರ್‌ನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ ವಿಳಾಸಗಳು ಆ ಪದದಿಂದ ಶುರುವಾಗುತ್ತವೆ. ಪೈಥಾನ್ ಅದನ್ನು ಬಳಸಿ ಏನನ್ನೂ ಮಾಡುತ್ತಿರಲಿಲ್ಲ, ಪದ ಪಟ್ಟಿಯಲ್ಲಿತ್ತು ಅಷ್ಟೇ. ಆದರೂ 2024ರಲ್ಲಿ ಪೈಥಾನ್ ಸೇರಿಸಿಕೊಂಡ ಆ್ಯಪ್‌ಗಳು ತಿರಸ್ಕಾರವಾದವು. ಕಾರಣ ಮೊದಲು ಸ್ಪಷ್ಟವಾಗಿರಲಿಲ್ಲ. ಮೇಲ್ಮನವಿ ಸಲ್ಲಿಸಿದ ಮೇಲಷ್ಟೇ ಆ ಪದದ ವಿಷಯ ಗೊತ್ತಾಯಿತು. ಕೊನೆಗೆ ಪೈಥಾನ್ ತಂಡ 3.13ನೇ ಆವೃತ್ತಿಯಲ್ಲಿ, ಸ್ಟೋರ್‌ಗೆ ಹೋಗುವ ಪ್ರತಿ ಕಟ್ಟುವಾಗ ಇಂಥ ಪದಗಳನ್ನು ತೆಗೆದುಹಾಕುವ ಆಯ್ಕೆಯನ್ನೇ ಸೇರಿಸಿತು. ಒಂದು ಅಂಗಡಿಯ ತಪಾಸಣೆಗಾಗಿ ಜಗತ್ತಿನ ಬಹುಬಳಕೆಯ ಭಾಷೆಯೊಂದು ತನ್ನನ್ನು ಕಟ್ಟುವ ವಿಧಾನಕ್ಕೇ ಒಂದು ಆಯ್ಕೆ ಸೇರಿಸಬೇಕಾಯಿತು.

ನಿಯಮವೇ ತಿರುಗಿ ನಿಂತದ್ದೂ ಉಂಟು. 2015ರಲ್ಲಿ ಆ್ಯಪಲ್ ಬಿಟ್‌ಕೋಡ್ ಎಂಬ, ಕೋಡಿಗೂ ಯಂತ್ರದ ಭಾಷೆಗೂ ನಡುವಿನ ರೂಪವನ್ನು ತಂದು, ಆ್ಯಪಲ್ ವಾಚ್‌ನ ಆ್ಯಪ್‌ಗಳಿಗೆ ಅದನ್ನು ಕಡ್ಡಾಯ ಮಾಡಿತ್ತು. 2022ರಲ್ಲಿ ಅದನ್ನು ಕೈಬಿಟ್ಟಿತು. 2024ರಲ್ಲಿ ಆ್ಯಪ್ ಕಟ್ಟುವ ಸಾಧನ ಎಕ್ಸ್‌ಕೋಡ್ 16 ಬಂದ ಮೇಲೆ ಬಿಟ್‌ಕೋಡ್ ಉಳಿದಿರುವ ಆ್ಯಪ್‌ಗಳಿಗೆ ಐಟಿಎಂಎಸ್-90482 ಎಂಬ ತಿರಸ್ಕಾರ ಬರತೊಡಗಿತು. ಹಿಂದೆ ಹೇಳಿದ ಮಾತು ಕೇಳಿ ಬಿಟ್‌ಕೋಡ್ ಸೇರಿಸಿದ್ದ, ಆಮೇಲೆ ಯಾರೂ ಕೈಯಾಡಿಸದ ಹಳೆಯ ಲೈಬ್ರರಿಗಳೇ ಇಲ್ಲಿ ಸಿಕ್ಕಿಬಿದ್ದವು.

ಕನ್ನಡ ಕೀಬೋರ್ಡ್ ಹೇಳುವ ಗುಟ್ಟು

ಇಂಥ ನಿಯಮಗಳೆಲ್ಲ ಡೆವಲಪರ್‌ಗೆ ಕಿರುಕುಳ ಕೊಡುವುದಕ್ಕೆ ಹುಟ್ಟಿದವಲ್ಲ. 2024ರ ಮೇ 1ರಿಂದ ಜಾರಿಗೆ ಬಂದ ಪ್ರೈವೆಸಿ ಮ್ಯಾನಿಫೆಸ್ಟ್ ನಿಯಮ ಇದಕ್ಕೆ ಒಳ್ಳೆಯ ಉದಾಹರಣೆ.

ಆ್ಯಪ್ ಒಂದು ಫೋನ್‌ನ ಬಗ್ಗೆ ಕೇಳಬಹುದಾದ ಸಾಧಾರಣ ಸಂಗತಿಗಳಿವೆ. ಫೈಲ್ ಯಾವಾಗ ಬದಲಾಯಿತು, ಫೋನ್ ಆನ್ ಆಗಿ ಎಷ್ಟು ಹೊತ್ತಾಯಿತು, ಎಷ್ಟು ಜಾಗ ಖಾಲಿ ಇದೆ, ಯಾವ ಯಾವ ಕೀಬೋರ್ಡ್ ಹಾಕಿಕೊಂಡಿದ್ದಾರೆ, ಆ್ಯಪ್‌ನ ಸೆಟ್ಟಿಂಗ್ ಏನೇನು. ಒಂದೊಂದಾಗಿ ನೋಡಿದರೆ ಇವುಗಳಲ್ಲಿ ಗುಟ್ಟೇನೂ ಇಲ್ಲ. ಒಟ್ಟುಗೂಡಿಸಿದರೆ ಲಕ್ಷಾಂತರ ಫೋನ್‌ಗಳ ನಡುವೆ ಒಂದನ್ನು ಗುರುತು ಹಿಡಿಯಬಹುದು. ಅಮೆರಿಕದ ಊರೊಂದರಲ್ಲಿ ಇಂಗ್ಲಿಷ್ ಕೀಬೋರ್ಡ್ ಇರುವ ಫೋನ್‌ಗಳಿಗೆ ಲೆಕ್ಕವಿಲ್ಲ. ಅಲ್ಲೇ ಇಂಗ್ಲಿಷ್ ಜೊತೆ ಕನ್ನಡ ಕೀಬೋರ್ಡನ್ನೂ ಹಾಕಿಕೊಂಡ ಫೋನ್‌ಗಳು ಬೆರಳೆಣಿಕೆಯಷ್ಟೇ ಇರಬಹುದು. ಅದಕ್ಕೆ ಉಳಿದ ನಾಲ್ಕು ಸಂಗತಿ ಸೇರಿಸಿದರೆ ಜಾಹೀರಾತು ಕಂಪನಿಗೆ ಹೆಸರು ಕೇಳದೆಯೇ ಆ ವ್ಯಕ್ತಿಯ ಜಾಡು ಸಿಕ್ಕಂತೆ.

ಹಾಗಾಗಿ ಆ್ಯಪಲ್ ಈ ಐದು ಬಗೆಯ ಮಾಹಿತಿಯನ್ನು ಕೇಳುವ ಪ್ರತಿಯೊಬ್ಬರೂ ಪ್ರೈವೆಸಿ ಮ್ಯಾನಿಫೆಸ್ಟ್ ಎಂಬ ಫೈಲಿನಲ್ಲಿ ಕಾರಣ ಬರೆದುಕೊಡಬೇಕು ಎಂದಿತು. ಕಾರಣಗಳಿಗೆ ಸಂಕೇತಗಳಿವೆ. ಆ್ಯಪ್ ತನ್ನದೇ ಸೆಟ್ಟಿಂಗ್ ಓದಿ ಬರೆಯುವುದಕ್ಕಾದರೆ ಸಿಎ92.1 ಎಂದು ನಮೂದಿಸಬೇಕು. ನಮೂದು ಇಲ್ಲದಿದ್ದರೆ ಐಟಿಎಂಎಸ್-91053. ಇದರ ಜೊತೆಗೆ, ಹೆಚ್ಚು ಬಳಕೆಯಲ್ಲಿರುವ 80ಕ್ಕೂ ಹೆಚ್ಚು ಲೈಬ್ರರಿಗಳ ಪಟ್ಟಿಯೊಂದನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿ, ಇವುಗಳಲ್ಲಿ ತಮ್ಮದೇ ಮ್ಯಾನಿಫೆಸ್ಟ್ ಫೈಲ್ ಇರಲೇಬೇಕು ಎಂದು ಹೇಳಿತು. ಪಟ್ಟಿಯ ಮೇಲ್ಭಾಗದಲ್ಲೇ ಎಎಫ್‌ನೆಟ್‌ವರ್ಕಿಂಗ್ ಇತ್ತು.

ಆದರೆ ಎಎಫ್‌ನೆಟ್‌ವರ್ಕಿಂಗ್ ತಂಡ 2023ರ ಜನವರಿಯಲ್ಲೇ ಕೆಲಸ ನಿಲ್ಲಿಸಿ, ಇನ್ನು ಹೊಸ ಆವೃತ್ತಿ ಬರುವುದಿಲ್ಲ ಎಂದು ಘೋಷಿಸಿಯಾಗಿತ್ತು. ಅಂದರೆ ಫೈಲ್ ಸೇರಿಸಬೇಕಾದವರೇ ಇರಲಿಲ್ಲ. ಅದನ್ನು ನೆಚ್ಚಿಕೊಂಡವರಿಗೆ ಉಳಿದದ್ದು ಎರಡೇ ದಾರಿ. ಒಂದೋ ಅದರ ಪ್ರತಿಯನ್ನು ತಾವೇ ಇಟ್ಟುಕೊಂಡು ಫೈಲ್ ಸೇರಿಸಿ ಸಾಕಿಕೊಂಡು ಹೋಗುವುದು, ಇಲ್ಲವೇ ಅದನ್ನು ಬಳಸಿದ ಕಡೆಯೆಲ್ಲ ಬೇರೆಯದನ್ನು ಬರೆಯುವುದು. ಎಷ್ಟೋ ತಂಡಗಳು ಆ ಲೈಬ್ರರಿಯನ್ನು ನೇರವಾಗಿ ಆರಿಸಿಕೊಂಡೂ ಇರಲಿಲ್ಲ. ಇನ್ಯಾವುದೋ ಲೈಬ್ರರಿ ಅದನ್ನು ಎಳೆದು ತಂದಿತ್ತು.

ಆ್ಯಂಡ್ರಾಯ್ಡ್ ಕಡೆಯೂ ಅದೇ ಪಾಡು

ಗೂಗಲ್ ಪ್ಲೇ ಮೊದಮೊದಲು ಸಡಿಲವಾಗಿತ್ತು. ಹಾರ್ಟ್‌ಬ್ಲೀಡ್‌ನಂಥ ಭದ್ರತಾ ಲೋಪಗಳು ಬಂದ ಮೇಲೆ ಬಿಗಿಯಾಯಿತು. ಅಂತರ್ಜಾಲದ ಗುಪ್ತ ಸಂವಹನಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಳೆಯ, ಲೋಪವಿರುವ ಆವೃತ್ತಿಗಳನ್ನು ಹೊತ್ತ ಆ್ಯಪ್‌ಗಳನ್ನು 2016ರ ಜುಲೈ 11ರಿಂದ ತಡೆಹಿಡಿಯುವುದಾಗಿ ಗೂಗಲ್ ಘೋಷಿಸಿತು. ಇದು ಅದರ ಭದ್ರತಾ ಸುಧಾರಣೆ ಕಾರ್ಯಕ್ರಮದ ಒಂದು ಭಾಗ. ಆ ಕಾರ್ಯಕ್ರಮದಿಂದ 3 ಲಕ್ಷಕ್ಕೂ ಹೆಚ್ಚು ಡೆವಲಪರ್‌ಗಳು 10 ಲಕ್ಷಕ್ಕೂ ಹೆಚ್ಚು ಆ್ಯಪ್‌ಗಳನ್ನು ಸರಿಪಡಿಸಿದರು ಎಂದು 2019ರಲ್ಲಿ ಗೂಗಲ್ ತಿಳಿಸಿತು. ಅದೇ 2019ರ ಆಗಸ್ಟ್ 1ರಿಂದ ಆ್ಯಪ್‌ಗಳಿಗೆ 64-ಬಿಟ್ ಆವೃತ್ತಿ ಕಡ್ಡಾಯವಾಯಿತು. ಆಟ ಕಟ್ಟುವ ಸಾಧನವಾದ ಯೂನಿಟಿಯ 5.6 ಮತ್ತು ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಕಟ್ಟಿದ ಆಟಗಳಿಗೆ ಮಾತ್ರ 2021ರ ಆಗಸ್ಟ್‌ವರೆಗೆ ವಿನಾಯಿತಿ ಸಿಕ್ಕಿತು.

ಈಚಿನದು 16 ಕೆಬಿ ನಿಯಮ. ಫೋನ್‌ನ ಮೆಮೊರಿಯನ್ನು ಆಪರೇಟಿಂಗ್ ಸಿಸ್ಟಂ ಪುಟಗಳ ಲೆಕ್ಕದಲ್ಲಿ ಹಂಚುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಒಂದು ಪುಟವೆಂದರೆ 4 ಕೆಬಿ ಎಂಬುದು ಮೊದಲಿನಿಂದ ನಡೆದುಬಂದ ಲೆಕ್ಕ. ಈಗಿನ ಫೋನ್‌ಗಳಲ್ಲಿ ಮೆಮೊರಿ ಬಹಳ ಹೆಚ್ಚಿದೆ, ಸಣ್ಣ ಪುಟಗಳ ಲೆಕ್ಕ ಇಡುವುದೇ ಒಂದು ಹೊರೆ. 16 ಕೆಬಿ ಪುಟಕ್ಕೆ ಹೋದರೆ, ಮೆಮೊರಿ ಒತ್ತಡದಲ್ಲಿರುವಾಗ ಆ್ಯಪ್ ತೆರೆದುಕೊಳ್ಳುವ ಸಮಯ ಸರಾಸರಿ ಶೇ 3.16ರಷ್ಟು, ತೆರೆಯುವಾಗಿನ ವಿದ್ಯುತ್ ಬಳಕೆ ಸರಾಸರಿ ಶೇ 4.56ರಷ್ಟು ಇಳಿಯುತ್ತದೆ ಎಂದು ಗೂಗಲ್‌ನ ಪರೀಕ್ಷೆಗಳು ತೋರಿಸಿದವು. ಆ್ಯಂಡ್ರಾಯ್ಡ್ 15 ಮತ್ತು ಅದರ ಮೇಲಿನ ಆವೃತ್ತಿಗಳಿಗೆಂದು ಸಲ್ಲಿಸುವ ಹೊಸ ಆ್ಯಪ್‌ಗಳೂ ಅಪ್‌ಡೇಟ್‌ಗಳೂ 2025ರ ನವೆಂಬರ್ 1ರಿಂದ ಇದಕ್ಕೆ ಹೊಂದಿಕೊಳ್ಳಬೇಕು ಎಂಬ ನಿಯಮ ಬಂತು.

ಜಾವಾ ಅಥವಾ ಕೋಟ್ಲಿನ್‌ನಲ್ಲಿ ಬರೆದ ಕೋಡಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಸಿ, ಸಿ++ ಭಾಷೆಗಳಲ್ಲಿ ಬರೆದು, ಯಂತ್ರದ ಭಾಷೆಗೆ ತಿರುಗಿಸಿ ಕೊಟ್ಟಿರುವ ‘ಡಾಟ್ ಎಸ್ಒ’ ಫೈಲ್‌ಗಳಿಗೆ. ಬಾರ್‌ಕೋಡ್ ಓದುವುದು, ಮುಖ ಗುರುತಿಸುವುದು, ಪಿಡಿಎಫ್ ತೋರಿಸುವುದು, ವಿಡಿಯೊ ಕುಗ್ಗಿಸುವುದು ಇಂಥ ಕೆಲಸಗಳ ಎಸ್‌ಡಿಕೆಗಳು ಹೆಚ್ಚಾಗಿ ಇದೇ ರೂಪದಲ್ಲಿ ಬರುತ್ತವೆ. ಆ ಫೈಲಿನ ಭಾಗಗಳು 4 ಕೆಬಿ ಲೆಕ್ಕಕ್ಕೆ ಜೋಡಣೆಯಾಗಿದ್ದರೆ 16 ಕೆಬಿ ಫೋನ್‌ನಲ್ಲಿ ತೊಡಕಾಗುತ್ತದೆ. ಮೂಲ ಕೋಡ್ ಇದ್ದವರಿಗೆ ಇದು ಹೊಸ ಸಾಧನಗಳಲ್ಲಿ ಮತ್ತೊಮ್ಮೆ ಬಿಲ್ಡ್ ಮಾಡುವಷ್ಟು ಸುಲಭ. ಬರೀ ಎಸ್ಒ ಫೈಲ್ ಪಡೆದವರಿಗೆ, ಅದನ್ನು ಕೊಟ್ಟ ಕಂಪನಿ ಮುಚ್ಚಿದ್ದರೆ ಅಥವಾ ಆ ಉತ್ಪನ್ನವನ್ನು ಕೈಬಿಟ್ಟಿದ್ದರೆ, ಸರಿಪಡಿಸುವ ದಾರಿಯೇ ಇಲ್ಲ.

ಬಿಟ್ಟಿ ದುಡಿಮೆಯ ಮೇಲೆ ನಿಂತ ಕಟ್ಟಡ

ಲೈಬ್ರರಿ ಬರೆದವರನ್ನು ದೂರುವುದು ಸುಲಭ, ಆದರೆ ಅದು ಸರಿಯಲ್ಲ. ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಲೋಪ ಬಯಲಾದಾಗ ಜಗತ್ತಿಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು. ಬ್ಯಾಂಕುಗಳು, ಸರ್ಕಾರಗಳು, ದೈತ್ಯ ಕಂಪನಿಗಳು ಬಳಸುತ್ತಿದ್ದ ಆ ಲೈಬ್ರರಿಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಆ ಆಘಾತದ ಬಳಿಕವೇ ಲಿನಕ್ಸ್ ಫೌಂಡೇಶನ್ ಇಂಥ ಮೂಲ ಲೈಬ್ರರಿಗಳಿಗೆ ಹಣ ಒದಗಿಸುವ ಯೋಜನೆ ಶುರುಮಾಡಿತು.

ಹೆಚ್ಚಿನ ಲೈಬ್ರರಿಗಳ ಹಿಂದೆ ಈ ಕಥೆಯೇ ಇದೆ. ಯಾರೋ ಒಬ್ಬರು ಸಂಜೆಯ ಬಿಡುವಿನಲ್ಲಿ ಬರೆದು, ಎಲ್ಲರಿಗೂ ಉಚಿತವಾಗಿ ಬಿಟ್ಟಿರುತ್ತಾರೆ. ಕೆಲಸ ಬದಲಾಗುತ್ತದೆ, ಮನೆಯಲ್ಲಿ ಮಗು ಬರುತ್ತದೆ, ಆರೋಗ್ಯ ಕೆಡುತ್ತದೆ, ಆಸಕ್ತಿ ಬೇರೆಡೆ ಹೊರಳುತ್ತದೆ. ಅವರು ನಿಲ್ಲಿಸಿದರೆ ಅದು ತಪ್ಪಲ್ಲ. ಅದರಿಂದ ಕೋಟಿ ಗಳಿಸಿದ ಕಂಪನಿಗಳು ಆ ಕೆಲಸಕ್ಕೆ ಒಬ್ಬ ಎಂಜಿನಿಯರನ ವಾರದ ಒಂದು ದಿನವನ್ನೂ ಕೊಡದಿದ್ದದ್ದು ತಪ್ಪು. ಗಡುವು ಬಂದಾಗ ಮೂಲ ಲೇಖಕರ ಪುಟಕ್ಕೆ ಹೋಗಿ ‘ಯಾವಾಗ ಸರಿಮಾಡುತ್ತೀರಿ’ ಎಂದು ಒತ್ತಾಯಿಸುವವರು ನೂರಾರು, ಸರಿಮಾಡಿ ಕಳಿಸುವವರು ಕೆಲವರು.

ಪೆಟ್ಟು ಎಲ್ಲರಿಗೂ ಒಂದೇ ಅಳತೆಯಲ್ಲಿ ಬೀಳುವುದಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಲೈಬ್ರರಿಗಳನ್ನು ನೋಡಿಕೊಳ್ಳುವುದಕ್ಕೇ ಪ್ರತ್ಯೇಕ ತಂಡಗಳಿರುತ್ತವೆ. ಪದಕೋಶ, ಪಂಚಾಂಗ, ವಚನಗಳ ಸಂಗ್ರಹ, ಮಕ್ಕಳ ಅಕ್ಷರಮಾಲೆ ಇಂಥ ಆ್ಯಪ್‌ಗಳನ್ನು ಹವ್ಯಾಸಕ್ಕೆ ಮಾಡಿದವರಿಗೆ ಆ ಸೌಲಭ್ಯ ಎಲ್ಲಿಂದ ಬರಬೇಕು? ಆ್ಯಪ್‌ನ ಒಳಹೂರಣ ಹಳತಾಗಿರುವುದಿಲ್ಲ, ಪದಕೋಶದ ಪದಗಳಿಗೆ ಕಾಲ ಮುಗಿದಿರುವುದಿಲ್ಲ. ಅದನ್ನು ಹೊತ್ತ ಲೈಬ್ರರಿಗಳು ಮುಗ್ಗರಿಸುತ್ತವೆ, ಆ್ಯಪ್ ಹೊಸ ಫೋನ್‌ಗಳಿಗೆ ಸಿಗದಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಬಹುಕಾಲ ಅಪ್‌ಡೇಟ್ ಆಗದ ಆ್ಯಪ್‌ಗಳನ್ನು ತೆಗೆಯುವುದಾಗಿ ಆ್ಯಪಲ್ ಎಚ್ಚರಿಸಿದಾಗ, ಚೆನ್ನಾಗಿಯೇ ನಡೆಯುತ್ತಿರುವ ಸಣ್ಣ ಆಟಗಳನ್ನು ಯಾಕೆ ತೆಗೆಯಬೇಕು ಎಂದು ಅವನ್ನು ಮಾಡಿದವರು ಪ್ರತಿಭಟಿಸಿದರು. ಆ್ಯಪಲ್ 30 ದಿನದ ಗಡುವನ್ನು 90 ದಿನಕ್ಕೆ ವಿಸ್ತರಿಸಿತು. ಆ್ಯಂಡ್ರಾಯ್ಡ್ 14ರಲ್ಲಿ, ಬಹಳ ಹಳೆಯ ಆವೃತ್ತಿಗೆಂದು ಬರೆದ ಆ್ಯಪ್‌ಗಳನ್ನು ಹಾಕಿಕೊಳ್ಳಲು ಫೋನೇ ಬಿಡುವುದಿಲ್ಲ. ಅದಕ್ಕೂ ಕಾರಣವಿದೆ: 2015ರಲ್ಲಿ ಬಂದ ಅನುಮತಿ ಕೇಳುವ ನಿಯಮವನ್ನು ತಪ್ಪಿಸಲು ಕೆಟ್ಟ ಆ್ಯಪ್‌ಗಳು ಬೇಕೆಂದೇ ಹಳೆಯ ಆವೃತ್ತಿಯ ವೇಷ ಹಾಕುತ್ತಿದ್ದವು.

ಒಳಗೇನಿದೆ ಎಂಬ ಪಟ್ಟಿ

ಪರಿಸ್ಥಿತಿ ಒಂದು ವಿಷಯದಲ್ಲಿ ಸುಧಾರಿಸಿದೆ. 2019ರ ಇಮೇಲ್ ಯಾವ ಲೈಬ್ರರಿ ಎಂದು ಹೇಳಿರಲಿಲ್ಲ. ಈಗಿನ ಮ್ಯಾನಿಫೆಸ್ಟ್ ಎಚ್ಚರಿಕೆಗಳಲ್ಲಿ ಕೊರತೆ ಆ್ಯಪ್‌ನ ಯಾವ ಫೈಲಿನಲ್ಲಿದೆ ಎಂಬ ಜಾಡು ಇರುತ್ತದೆ. ಗೂಗಲ್‌ನ ಪ್ಲೇ ಕನ್ಸೋಲ್ 16 ಕೆಬಿಗೆ ಹೊಂದದ ಎಸ್ಒ ಫೈಲುಗಳ ಹೆಸರು ಹೇಳುತ್ತದೆ. ಗೂಗಲ್ ಪ್ಲೇ ಎಸ್‌ಡಿಕೆ ಇಂಡೆಕ್ಸ್‌ನಲ್ಲಿ ಎಸ್‌ಡಿಕೆಯೊಂದರ ಯಾವ ಆವೃತ್ತಿ ಹಳತಾಗಿದೆ, ಅದು ಯಾವ ಅನುಮತಿ ಕೇಳುತ್ತದೆ ಎಂಬುದನ್ನು ಸೇರಿಸಿಕೊಳ್ಳುವ ಮೊದಲೇ ನೋಡಬಹುದು. ಹೊಣೆ ಹೊರಿಸುವವರು ಮಾಹಿತಿಯನ್ನೂ ಕೊಡಬೇಕು ಎಂಬ ಮಾತಿಗೆ ಇವು ತಡವಾಗಿ ಬಂದ ಒಪ್ಪಿಗೆ. ಪೈಥಾನ್ ಪ್ರಕರಣದಂತೆ ಮೇಲ್ಮನವಿಯ ತನಕ ಕಾರಣವೇ ತಿಳಿಯದ ಸ್ಥಿತಿ ಇನ್ನು ಯಾರಿಗೂ ಬರಬಾರದು.

ಸರ್ಕಾರಗಳೂ ಇತ್ತ ತಿರುಗಿವೆ. ತಂತ್ರಾಂಶವೊಂದರಲ್ಲಿ ಯಾವ ಯಾವ ಲೈಬ್ರರಿಯ ಯಾವ ಆವೃತ್ತಿ ಇದೆ ಎಂದು ಪಟ್ಟಿ ಮಾಡುವ ಪದ್ಧತಿಗೆ ಎಸ್‌ಬಿಒಎಂ ಎನ್ನುತ್ತಾರೆ. ಅಮೆರಿಕ ಸರ್ಕಾರ ತಾನು ಕೊಳ್ಳುವ ತಂತ್ರಾಂಶಕ್ಕೆ ಇಂಥ ಪಟ್ಟಿ ಬೇಕು ಎಂಬ ದಾರಿ ಹಿಡಿದದ್ದು 2021ರಲ್ಲಿ. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಇದಕ್ಕೆ ತಾಂತ್ರಿಕ ಮಾರ್ಗಸೂಚಿ ಹೊರಡಿಸಿತು. ಸಣ್ಣ ತಂಡಗಳಿಗೂ ಇದು ಕಷ್ಟದ ಕೆಲಸವಲ್ಲ. ಡಿಪೆಂಡೆನ್ಸಿಗಳ ಪೂರ್ತಿ ಪಟ್ಟಿಯನ್ನು ಒಂದು ಆದೇಶದಲ್ಲಿ ಮುದ್ರಿಸುವ ಸೌಲಭ್ಯ ಗ್ರೇಡಲ್, ಎನ್‌ಪಿಎಂ ಮುಂತಾದ ಸಾಧನಗಳಲ್ಲೇ ಇದೆ. ಪಟ್ಟಿಯಲ್ಲಿ ಎರಡು ವರ್ಷದಿಂದ ಯಾರೂ ಮುಟ್ಟದ ಲೈಬ್ರರಿ ಕಂಡರೆ ಅದನ್ನು ಬದಲಿಸುವ ಕೆಲಸವನ್ನು ಗಡುವಿನ ಇಮೇಲ್ ಬರುವ ಮೊದಲೇ ಶುರುಮಾಡಬಹುದು. ಬಳಸುವ ಲೈಬ್ರರಿಗೆ ಕೈಲಾದಷ್ಟು ಹಣವನ್ನೋ ದುಡಿಮೆಯನ್ನೋ ಕೊಡುವುದೂ ಆ ಕೆಲಸದ ಭಾಗವೇ.

ಮುಂದಿನ ದೊಡ್ಡ ಬದಲಾವಣೆಯ ದಿನಾಂಕವೂ ಗೊತ್ತಾಗಿದೆ. ಐಫೋನ್ ಲೈಬ್ರರಿಗಳನ್ನು ತಂದುಕೊಡಲು 2011ರಿಂದ ಬಳಕೆಯಲ್ಲಿರುವ ಕೊಕೊವಾಪಾಡ್ಸ್‌ನ ಕೇಂದ್ರ ಸಂಗ್ರಹ 2026ರ ಡಿಸೆಂಬರ್ 2ರಂದು ಓದುವುದಕ್ಕಷ್ಟೇ ಸೀಮಿತವಾಗಲಿದೆ. ಅಲ್ಲಿರುವ ಲೈಬ್ರರಿಗಳು ಸಿಗುತ್ತಲೇ ಇರುತ್ತವೆ, ಆದರೆ ಹೊಸ ಆವೃತ್ತಿಗಳನ್ನು ಅಲ್ಲಿಗೆ ಸೇರಿಸಲಾಗುವುದಿಲ್ಲ. ಆ ದಿನದ ನಂತರ ಆ್ಯಪಲ್ ಹೊಸ ನಿಯಮ ತಂದರೆ ಅದಕ್ಕೆ ಬೇಕಾದ ತಿದ್ದುಪಡಿ ಆ ದಾರಿಯಲ್ಲಿ ಬಂದು ತಲುಪದು. ಅನೇಕ ಲೈಬ್ರರಿಗಳು ಈಗಾಗಲೇ ಆ್ಯಪಲ್‌ನದೇ ಆದ ಸ್ವಿಫ್ಟ್ ಪ್ಯಾಕೇಜ್ ಮ್ಯಾನೇಜರ್‌ಗೆ ಸ್ಥಳಾಂತರವಾಗಿವೆ. ಇನ್ನೂ ಹೋಗದ ಲೈಬ್ರರಿಗಳನ್ನು ನೆಚ್ಚಿಕೊಂಡಿರುವ ತಂಡಗಳು ಅವುಗಳ ಹೆಸರು ಬರೆದಿಟ್ಟುಕೊಂಡು, ನೋಡಿಕೊಳ್ಳುವವರು ಇದ್ದಾರೆಯೇ ಎಂದು ವಿಚಾರಿಸಿ, ಇಲ್ಲದವುಗಳಿಗೆ ಬದಲಿ ಹುಡುಕುವ ಕೆಲಸವನ್ನು ಆ ದಿನಾಂಕಕ್ಕೆ ಮೊದಲೇ ಮುಗಿಸಿಕೊಳ್ಳಬೇಕಿದೆ.